ಎಳೆಯರ ಕೈಗೆ ಇಂಥ ಪುಸ್ತಕವೇ?

“ಈ ವಯಸ್ಸಿಗೆ ಸಾವು ನೋವಿನ ಕಥೆ ಏಕಮ್ಮ?” ಎಂದು ಮಕ್ಕಳ ಕೈಯಿಂದ ಪುಸ್ತಕ ತೆಗೆದಿಡುವ ತಾಯಂದಿರು ನಮ್ಮಲ್ಲಿ ಅನೇಕರು. ಅಮೆರಿಕದ ಜಾನ್ ಗ್ರೀನ್ ಅವರ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ (೨೦೧೨) ಕಾದಂಬರಿಯಲ್ಲಿ ಕ್ಯಾನ್ಸರ್ ತಗುಲಿದ ಹುಡುಗಿ ಆಮ್ಲಜನಕದ ಸಿಲಿಂಡರನ್ನು ಎಳೆದುಕೊಂಡೇ ಓಡಾಡುತ್ತಾಳೆ. ನಗುತ್ತಾಳೆ, ಸಿಡುಕುತ್ತಾಳೆ, ಪ್ರೀತಿಸುತ್ತಾಳೆ.

ಅದು ಕಲ್ಪನೆ. ಆಯಿಷಾ ಚೌಧರಿ ನಮ್ಮ ದೆಹಲಿ ಸೀಮೆಯಲ್ಲೇ ಬಾಳಿದವಳು. ರೋಗದೊಡನೆ ಹೋರಾಡುವ ಶಕ್ತಿಯೇ ಇಲ್ಲದೆ ಹುಟ್ಟಿದ ಕೂಸು. ಅದೇ ಕಾಯಿಲೆ ಆಕೆಯ ಅಕ್ಕನನ್ನು ಮೊದಲೇ ಕೊಂಡೊಯ್ದಿತ್ತು. ಆರು ತಿಂಗಳಿಗೇ ಇಂಗ್ಲೆಂಡಿನಲ್ಲಿ ಅಸ್ಥಿಮಜ್ಜೆಯ ಕಸಿಯಾಗಿ ಜೀವ ಉಳಿಯಿತು. ಮುಂದೆ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿತು. ಉಸಿರಿಗೆ ಕಷ್ಟಪಡುತ್ತಲೇ ಆಕೆ ತನಗೆ ಹೊಳೆದ ಸಣ್ಣ ಸಣ್ಣ ಮಾತುಗಳನ್ನು ಬರೆದಿಟ್ಟಳು. ಅವು ‘ಮೈ ಲಿಟಲ್ ಎಪಿಫನೀಸ್’ ಎಂಬ ಪುಸ್ತಕವಾಗಿ ಬಂದ ೨೦೧೫ರ ಜನವರಿಯಲ್ಲೇ, ೨೪ರಂದು, ತೀರಿಕೊಂಡಳು. ವಯಸ್ಸು ೧೮. ೨೦೧೯ರ ಹಿಂದಿ ಚಿತ್ರ ‘ದಿ ಸ್ಕೈ ಈಸ್ ಪಿಂಕ್’ ಆ ಮನೆಯದೇ ಕಥೆ.

ಮಗುವನ್ನು ಕಳೆದುಕೊಂಡ ಹೆತ್ತವರ ದುಃಖ ಕನ್ನಡಕ್ಕೆ ಹೊಸದಲ್ಲ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹುಟ್ಟಿದ್ದು ಅಂಥ ಗಳಿಗೆಯಲ್ಲೇ. ಇಲ್ಲಿ ಮಾತಾಡುವುದು ಮಗು.

ಬರಿಯ ಕಣ್ಣೀರಿಗೆಂದೇ ಬರೆದ ಕಾದಂಬರಿಗಳೂ ಉಂಟು. ಅವುಗಳ ಪರವಾಗಿ ನಾನು ವಾದಿಸುವುದಿಲ್ಲ. ಆದರೆ ಊರಿನಿಂದ ಫೋನು ಬಂದಾಗ ನಾವು ಮಾಡುವುದೇನು? “ಅಜ್ಜನಿಗೆ ಸ್ವಲ್ಪ ಹುಷಾರಿಲ್ಲ” ಎಂದಷ್ಟೇ ಹೇಳಿ ರೈಲು ಹತ್ತುತ್ತೇವೆ. ಹದಿನೈದರ ಮಗುವಿಗೆ ನಮ್ಮ ಮುಖ ಓದಲು ಬಾರದೇ? ಪುಸ್ತಕವನ್ನು ಕಸಿಯದೆ, ಮಗು ಓದಿ ಮುಗಿಸಿದ ಮೇಲೆ ನೀವೂ ಕೇಳಿ ಪಡೆದು ಓದಿ. ಊಟದ ಹೊತ್ತಿನಲ್ಲಿ ಆಯಿಷಾಳ ಮಾತು ಬಂದರೆ, “ಮೊದಲು ಅನ್ನ ತಿನ್ನು” ಎನ್ನಬೇಡಿ.