ಕೈಕೆಲಸದ ಸೂಚನೆಗಳನ್ನು ಪರೀಕ್ಷಿಸುವುದು ಹೇಗೆ?

ಕಾಗದವನ್ನು ಹೀಗೆ ಮಡಿಸಿ, ಇಲ್ಲಿ ಕತ್ತರಿಸಿ, ಅಲ್ಲಿ ಅಂಟಿಸಿ ಎಂದು ಕೈಕೆಲಸಗಳನ್ನು ಕಲಿಸುವ ಸೂಚನಾಪತ್ರಗಳು ನಮಗೆಲ್ಲ ಪರಿಚಿತವಾದವು. ಇವುಗಳನ್ನು ನಂಬಿ ಕೆಲಸಕ್ಕೆ ತೊಡಗಿದವರು ಅರ್ಧದಲ್ಲಿಯೇ ಕೈಬಿಟ್ಟು, “ಇದು ನನ್ನ ಕೈಗೆ ಒಗ್ಗುವುದಿಲ್ಲ” ಎಂದು ನಿರಾಶರಾಗುವುದೂ ಅಪರೂಪವಲ್ಲ. ಆದರೆ ತಪ್ಪು ಕೈಯದೋ, ಸೂಚನೆಯದೋ? ಇದು ಊಹೆಯಿಂದ ತೀರ್ಮಾನವಾಗುವ ಪ್ರಶ್ನೆಯಲ್ಲ; ಪ್ರಯೋಗದಿಂದ ಉತ್ತರ ಪಡೆಯಬೇಕಾದ ಪ್ರಶ್ನೆ. ಆ ಪ್ರಯೋಗವನ್ನು ಯೋಜಿಸುವ ಬಗೆಯನ್ನು ಇಲ್ಲಿ ವಿಚಾರ ಮಾಡೋಣ.

ಬರೆದವನಿಗೇಕೆ ತಿಳಿಯದು?

ಸೂಚನೆಯನ್ನು ಬರೆದವನೇ ಅದನ್ನು ಮತ್ತೆ ಓದಿ ತಿದ್ದಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಬಲ್ಲವನಿಗೆ, ಅರಿಯದವನ ಕಷ್ಟವನ್ನು ಕಲ್ಪಿಸಿಕೊಳ್ಳುವುದು ಬಹು ಕಠಿಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ 1990ರಲ್ಲಿ ಇದನ್ನು ಸರಳವಾದ ಪ್ರಯೋಗವೊಂದರಿಂದ ತೋರಿಸಿಕೊಟ್ಟರು. ಒಬ್ಬರು ಪ್ರಸಿದ್ಧ ಹಾಡೊಂದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು. ಕೇಳಿದವರು ಅದು ಯಾವ ಹಾಡೆಂದು ಹೇಳಬೇಕು. ಅರ್ಧದಷ್ಟು ಹಾಡುಗಳಾದರೂ ಗುರುತಿಗೆ ಸಿಕ್ಕಾವೆಂದು ತಟ್ಟಿದವರು ಎಣಿಸಿದ್ದರು. ಗುರುತಿಗೆ ಸಿಕ್ಕಿದವು 120ರಲ್ಲಿ ಮೂರು ಮಾತ್ರ! ತಟ್ಟುವವನ ಮನಸ್ಸಿನಲ್ಲಿ ಇಡೀ ಹಾಡೇ ಮೊಳಗುತ್ತಿರುತ್ತದೆ. ಕೇಳುವವನಿಗೆ ಬರಿಯ ಟಕಟಕ ಸದ್ದು. ಸೂಚನೆ ಬರೆಯುವವನ ಸ್ಥಿತಿಯೂ ಇದೇ. “ನಡುವಿಗೆ ಮಡಿಸಿ” ಎಂದು ಬರೆಯುವಾಗ ಅವನ ಕಣ್ಣಮುಂದೆ ಸಿದ್ಧವಾದ ಚೀಲವಿರುತ್ತದೆ. ಓದುವವನಾದರೋ ಉದ್ದಕ್ಕೆ ಮಡಿಸಬೇಕೆ, ಅಡ್ಡಕ್ಕೆ ಮಡಿಸಬೇಕೆ ಎಂದು ತಬ್ಬಿಬ್ಬಾಗುತ್ತಾನೆ.

ಮೊದಲು ಪ್ರಶ್ನೆ

ಉದಾಹರಣೆಗೆ ಹಳೆಯ ವೃತ್ತಪತ್ರಿಕೆಯಿಂದ ಚೀಲ ಮಾಡುವ ಸೂಚನೆಯನ್ನೇ ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳು ನಿಷಿದ್ಧವಾದುದರಿಂದ ಈ ಕೆಲಸಕ್ಕೆ ಉಪಯೋಗವೂ ಉಂಟು. ಹಾಳೆಯ ಎರಡು ಅಂಚುಗಳನ್ನು ಒಂದರ ಮೇಲೊಂದು ತಂದು ಅಂಟಿಸಿ ಕೊಳವೆ ಮಾಡುವುದು, ಕೆಳತುದಿಯನ್ನು ಮಡಿಸಿ, ಬಿಡಿಸಿ, ತಳವನ್ನು ರೂಪಿಸಿ ಅಂಟಿಸುವುದು, ಇಷ್ಟೇ ಕೆಲಸ.

“ಸೂಚನೆ ಚೆನ್ನಾಗಿದೆಯೇ?” ಎಂಬ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಅದಕ್ಕೆ ಎಲ್ಲರೂ ದಾಕ್ಷಿಣ್ಯದಿಂದ “ಚೆನ್ನಾಗಿದೆ” ಎಂದೇ ಹೇಳುತ್ತಾರೆ. ಪ್ರಶ್ನೆಯು ಅಳತೆಗೆ ಸಿಕ್ಕುವಂತಿರಬೇಕು: “ಹಿಂದೆಂದೂ ಚೀಲ ಮಾಡದವರು, ಯಾರ ನೆರವೂ ಇಲ್ಲದೆ, ಈ ಹಾಳೆಯನ್ನು ಮಾತ್ರ ನೋಡಿ, ಅರ್ಧ ಗಂಟೆಯೊಳಗೆ, ಅರ್ಧ ಕಿಲೋ ತೂಕದ ಪುಸ್ತಕಗಳನ್ನು ತಡೆಯುವ ಚೀಲ ಮಾಡಬಲ್ಲರೇ?” ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1998ರಲ್ಲಿ ಹೊರಡಿಸಿದ ಮಾನಕವೊಂದು ಉಪಯುಕ್ತತೆಯನ್ನು ಮೂರು ಬಗೆಯಲ್ಲಿ ಅಳೆಯಲು ಹೇಳುತ್ತದೆ: ಉದ್ದೇಶ ಸಾಧಿಸಿತೇ, ಅದಕ್ಕೆ ಎಷ್ಟು ಶ್ರಮ ಹಿಡಿಯಿತು, ಮಾಡಿದವರಿಗೆ ತೃಪ್ತಿಯಾಯಿತೇ. ನಮ್ಮ ಚೀಲಕ್ಕೂ ಈ ಮೂರು ಅಳತೆಗಳು ಸಾಕು.

ಯಾರನ್ನು, ಎಷ್ಟು ಮಂದಿಯನ್ನು?

ಸೂಚನೆಯು ಯಾರಿಗಾಗಿ ಬರೆದುದೋ ಅಂಥವರನ್ನೇ ಆರಿಸತಕ್ಕದ್ದು. ಚಿತ್ರಕಲೆಯ ಉಪಾಧ್ಯಾಯರಾಗಲಿ, ನಾವು ಚೀಲ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದ ಗೆಳೆಯರಾಗಲಿ ಬೇಡ. ಎಡಗೈ ಬಳಸುವವರು, ನಿಧಾನವಾಗಿ ಓದುವವರು, ಕನ್ನಡಕವಿಲ್ಲದೆ ಸಣ್ಣ ಅಕ್ಷರ ಕಾಣದ ಹಿರಿಯರು ಇವರಲ್ಲಿ ಒಬ್ಬಿಬ್ಬರಾದರೂ ಇರಲಿ.

ಸಂಖ್ಯೆಯ ವಿಷಯದಲ್ಲಿ ಒಂದು ಲೆಕ್ಕವಿದೆ. 1993ರಲ್ಲಿ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ ಎಂಬುವರು ಗಣಕಯಂತ್ರದ ಬಳಕೆಗೆ ಸಂಬಂಧಿಸಿದ ಹಲವು ಪರೀಕ್ಷೆಗಳನ್ನು ಪರಿಶೀಲಿಸಿದರು. ಒಂದು ದೋಷವು ಒಬ್ಬ ಪರೀಕ್ಷಾರ್ಥಿಯಿಂದ ಬೆಳಕಿಗೆ ಬರುವ ಸಂಭವವು ಸರಾಸರಿ ನೂರಕ್ಕೆ 31 ಎಂದು ಅವರಿಗೆ ಕಂಡಿತು. ಎಂದರೆ ಅದು ಒಬ್ಬನ ಕಣ್ಣಿಗೆ ಬೀಳದಿರುವ ಸಂಭವ 0.69. ಐವರ ಕಣ್ಣಿಗೂ ಬೀಳದಿರಬೇಕಾದರೆ 0.69ನ್ನು ಐದು ಸಲ ಗುಣಿಸಬೇಕು, ಸುಮಾರು 0.16 ಬರುತ್ತದೆ. ಆದುದರಿಂದ ಐದು ಮಂದಿಯಿಂದ ನೂರಕ್ಕೆ 84ರಷ್ಟು ದೋಷಗಳು ಹೊರಬೀಳುತ್ತವೆ. ಆದರೆ ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಾರದು. ಹತ್ತರಲ್ಲಿ ಒಬ್ಬನನ್ನು ಮಾತ್ರ ಕಾಡುವ ದೋಷವು ಐವರಲ್ಲಿ ಒಬ್ಬನಿಗಾದರೂ ಕಾಣುವ ಸಂಭವವು ನೂರಕ್ಕೆ 41 ಮಾತ್ರ. ಆದಕಾರಣ ಮೊದಲು ಐವರಿಂದ ಮಾಡಿಸಿ, ಸೂಚನೆಯನ್ನು ತಿದ್ದಿ, ಮತ್ತೆ ಹೊಸ ಐವರಿಂದ ಮಾಡಿಸುವುದೇ ಲೇಸು. ಮೊದಲಿನವರನ್ನೇ ಕರೆದರೆ ಕೆಲಸವಿಲ್ಲ. ಅವರು ಆಗಲೇ ಕಲಿತಿರುತ್ತಾರೆ.

ಪರೀಕ್ಷೆಯ ಹೊತ್ತು

ಓದುಗನ ಮನೆಯಲ್ಲಿ ದೊರೆಯುವ ಕತ್ತರಿ, ಅಂಟು, ಹಾಳೆಗಳನ್ನೇ ಮೇಜಿನ ಮೇಲೆ ಇಡಬೇಕು. ಹರಿತವಾದ ವಿಶೇಷ ಕತ್ತರಿಯಿಂದ ಸಿಕ್ಕುವ ಫಲಿತಾಂಶ ಮೊಂಡು ಕತ್ತರಿಯವನಿಗೆ ಸಲ್ಲದು. ನಿಜವಾದ ಪರೀಕ್ಷೆಗೆ ಮುನ್ನ ಒಬ್ಬರಿಂದ ಮಾಡಿಸಿ ನೋಡಿದರೆ ಏರ್ಪಾಟಿನ ಕೊರತೆಗಳು ತಿಳಿಯುತ್ತವೆ.

ಬಂದವರಿಗೆ ಮೊದಲೇ ಹೇಳಬೇಕಾದ ಮಾತೊಂದುಂಟು: “ಇದು ನಿಮ್ಮ ಪರೀಕ್ಷೆಯಲ್ಲ, ಈ ಹಾಳೆಯ ಪರೀಕ್ಷೆ. ಬೇಡವೆನಿಸಿದಾಗ ನಿಲ್ಲಿಸಬಹುದು.” ಬಳಿಕ ಮನಸ್ಸಿಗೆ ಬಂದುದನ್ನು ಬಂದಂತೆಯೇ ನುಡಿಯುತ್ತ ಕೆಲಸ ಮಾಡುವಂತೆ ಕೇಳಿಕೊಳ್ಳಬೇಕು. ಮನಶ್ಶಾಸ್ತ್ರಜ್ಞರಾದ ಆಂಡರ್ಸ್ ಎರಿಕ್ಸನ್ ಮತ್ತು ಹರ್ಬರ್ಟ್ ಸೈಮನ್ 1980ರಲ್ಲಿ ಇಂಥ ನುಡಿಗಳನ್ನು ವೈಜ್ಞಾನಿಕ ಸಾಮಗ್ರಿಯಾಗಿ ಬಳಸಬಹುದೆಂದು ವಾದಿಸಿದರು; ಕೆಲಸ ಮುಗಿದ ಮೇಲಿನ ನೆನಪಿಗಿಂತ ಆಯಾ ಕ್ಷಣದ ಮಾತು ಹೆಚ್ಚು ವಿಶ್ವಾಸಾರ್ಹ. ಆದರೆ ಮಾತನಾಡುತ್ತ ಮಾಡಿದರೆ ಕೈ ನಿಧಾನವಾಗಬಹುದು. ಕಾಲವನ್ನು ಕರಾರುವಾಕ್ಕಾಗಿ ಅಳೆಯಬೇಕಾದರೆ ಬೇರೆ ಕೆಲವರಿಂದ ಮೌನವಾಗಿ ಮಾಡಿಸತಕ್ಕದ್ದು.

ಎಲ್ಲಕ್ಕಿಂತ ಕಷ್ಟದ ಕೆಲಸ ನಮ್ಮದು: ಸುಮ್ಮನಿರುವುದು. ಎದುರಿಗಿದ್ದವರು ತಪ್ಪಾಗಿ ಮಡಿಸುತ್ತಿರುವಾಗ ಕೈಚಾಚಿ ತೋರಿಸಬೇಕೆನಿಸುತ್ತದೆ. ತೋರಿಸಿದೆವೋ, ಪರೀಕ್ಷೆ ಕೆಟ್ಟಿತು. ಸೂಚನಾಪತ್ರದ ಜೊತೆಗೆ ಮನೆಮನೆಗೂ ನಾವು ಹೋಗಲಾರೆವಷ್ಟೆ! ಅವರು ಏನಾದರೂ ಕೇಳಿದರೆ, “ಹಾಳೆಯಲ್ಲಿ ಏನು ಹೇಳಿದೆಯೆಂದು ನಿಮಗೆ ತೋರುತ್ತದೆ?” ಎಂದು ಮರಳಿ ಕೇಳಬಹುದು. ತಡೆದು ನಿಂತ ಹಂತ, ಹಿಂದಕ್ಕೆ ತಿರುಗಿ ಓದಿದ ಸಾಲು, ಬಿಚ್ಚಿ ಮತ್ತೆ ಮಡಿಸಿದ ಮಡಿಕೆ ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು.

ದೋಷಗಳ ವಿಂಗಡಣೆ

ಸಿಕ್ಕಿದ ದೋಷಗಳನ್ನು ಮೂರು ಗುಂಪು ಮಾಡೋಣ: ಕೆಲಸವನ್ನೇ ನಿಲ್ಲಿಸುವವು, ಚೀಲವನ್ನು ಕೆಡಿಸುವವು, ಬೇಸರ ಮಾತ್ರ ತರುವವು. ತಿದ್ದುವಾಗ ಇದೇ ಕ್ರಮವನ್ನು ಅನುಸರಿಸಬೇಕು. ಎರಡನೆಯ ಗುಂಪಿನ ದೋಷವೊಂದನ್ನು ನೋಡಿ. “ತಳಕ್ಕೆ ಅಂಟು ಹಚ್ಚಿ ಒತ್ತಿ. ಒತ್ತುವ ಮೊದಲು ಒಳಗೆ ಒಂದು ರಟ್ಟು ಇಡಿ” ಎಂದು ಬರೆದಿದ್ದರೆ, ಮೊದಲ ವಾಕ್ಯವನ್ನು ಓದಿದೊಡನೆಯೇ ಒತ್ತಿದವನ ಚೀಲವು ಒಳಗೊಳಗೇ ಅಂಟಿಕೊಂಡೀತು. ಎಚ್ಚರಿಕೆಯು ಕೆಲಸಕ್ಕಿಂತ ಮುಂದೆ ಬರಬೇಕು.

ಚಿತ್ರಗಳಿದ್ದರೆ ಈ ತೊಂದರೆಯಿಲ್ಲವೆಂದು ಭಾವಿಸಬಾರದು. ಜಪಾನಿನ ಅಕಿರಾ ಯೋಶಿಝಾವಾ 1954ರ ತಮ್ಮ ಪುಸ್ತಕದಲ್ಲಿ ಕಾಗದ ಮಡಿಸುವ ಕಲೆಗೆ ಗೆರೆ, ಬಾಣಗಳ ಸಂಕೇತಗಳನ್ನು ಬಳಸಿದರು. ಅವು ಬೆಳೆದು ಇಂದು ಲೋಕವೆಲ್ಲ ಬಳಸುವ ಭಾಷೆಯಾಗಿವೆ. ತುಂಡುಗೆರೆಯೆಂದರೆ ಒಳಮಡಿಕೆಯೆಂದು ಬಲ್ಲವರಿಗೆ ಅದು ಮಾತಿಗಿಂತ ಸ್ಪಷ್ಟ. ಅರಿಯದವನು ಆ ಗೆರೆಯ ಮೇಲೆ ಕತ್ತರಿಯಾಡಿಸಿದರೆ ಆಶ್ಚರ್ಯವಿಲ್ಲ. ಆದುದರಿಂದ ಚಿತ್ರಕ್ಕೂ ಪರೀಕ್ಷೆ ಬೇಕು.

ವಿಜ್ಞಾನದ ಪ್ರಾಯೋಗಿಕ ತರಗತಿಯ ಸೂಚನೆಗಳಿಗೂ, ಔಷಧದ ಚೀಟಿಗೂ, ಯಂತ್ರದ ಕೈಪಿಡಿಗೂ ಈ ವಿಧಾನವೇ ಸಲ್ಲುತ್ತದೆ; ಅಲ್ಲಿ ಕೆಡುವುದು ಕಾಗದವೊಂದೇ ಆಗಿರಲಾರದು. ವಿದ್ಯಾರ್ಥಿಗಳು ತಾವು ಚೆನ್ನಾಗಿ ಬಲ್ಲ ಕೆಲಸವೊಂದಕ್ಕೆ ಒಂದು ಪುಟದ ಸೂಚನೆ ಬರೆದು, ಅದನ್ನು ಅರಿಯದ ಐವರ ಕೈಗೆ ಕೊಟ್ಟು, ಪಕ್ಕದಲ್ಲಿ ಮೌನವಾಗಿ ಕುಳಿತು ನೋಡಬಹುದು. ಖರ್ಚು ಕೆಲವು ಹಳೆಯ ಹಾಳೆಗಳಷ್ಟೆ.