ಅಭಿಮನ್ಯು ಇನ್ನೂ ಸತ್ತಿಲ್ಲ

ಹಳೇಬೀಡಿನಲ್ಲಿ ಹುಟ್ಟಿದವರಿಗೆ ಇಸವಿಗಳು ಬಾಯಿಪಾಠ. 1121ರ ಸುಮಾರಿಗೆ ಹೊಯ್ಸಳೇಶ್ವರ ಗುಡಿಯ ಕೆಲಸ ಶುರು, 1311ರಲ್ಲಿ ಮಲಿಕ್ ಕಾಫರ್ ದಾಳಿ, 2023ರಲ್ಲಿ ಯುನೆಸ್ಕೊ ಪಟ್ಟಿ. ಡಿಗ್ರಿ ಮುಗಿಸಿ ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನಗೆ ಇವು ಒಂದೊಂದು ಅಂಕದ ಪ್ರಶ್ನೆಗಳಷ್ಟೇ. ನನ್ನ ಲೆಕ್ಕದಲ್ಲಿ ‘ಇವತ್ತು’ ಅನ್ನುವುದೇ ಇರಲಿಲ್ಲ. ಸಿನಿಮಾ, ಗೆಳತಿಯ ಮದುವೆ, ಅಮ್ಮನ ಜೊತೆ ಮಾತು, ಎಲ್ಲವೂ ‘ಕೆಲಸ ಸಿಕ್ಕಮೇಲೆ’.

ಕಳೆದ ಡಿಸೆಂಬರಿನಲ್ಲಿ, ಹಾಸನದ ಬಸ್ಸಿನಲ್ಲಿ, ಗೈಡಿನೊಳಗೆ ಬಚ್ಚಿಟ್ಟುಕೊಂಡು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದೆ. ಪುಟ್ಟ ಪುಸ್ತಕ. ಕಥೆ ಹೇಳುವವನು ಕಾಫಿ ಹೌಸಿನಲ್ಲಿ ಕೂತಿದ್ದಾನೆ. ಅಲ್ಲಿಂದ ಹಿಂದಕ್ಕೆ, ತಾವಿದ್ದ ಇಕ್ಕಟ್ಟಿನ ಮನೆಗೆ ಹೋಗುತ್ತಾನೆ. ಮತ್ತೆ ಕಾಫಿ ಹೌಸಿಗೆ ಬರುತ್ತಾನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಈ ಮನೆಗೆ ದುಡ್ಡು ಬಂದಿದೆ ಎಂಬುದು ನಮಗೆ ಮೊದಲೇ ಗೊತ್ತು. ಆದರೂ ಹಳೆಮನೆಯಲ್ಲಿ ಎಲ್ಲರೂ ಸೇರಿ ಇರುವೆಗಳ ಮೇಲೆ ಯುದ್ಧ ಸಾರುವ ಪುಟಗಳಲ್ಲಿ ನಾನು ಆ ಮನೆಯಲ್ಲೇ ಇದ್ದೆ. ಈ ದಿನಗಳು ಮುಗಿಯುತ್ತವೆ ಅಂತ ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಅದಕ್ಕೇ ಇರುವೆಯೂ ಕಣ್ಣಿಗೆ ಬಿತ್ತು. ಕಥೆ ಸಾಲಾಗಿ ಸಾಗಿದ್ದರೆ ‘ಮುಂದೇನು’ ಅಂತ ಪುಟ ಹಾರಿಸುತ್ತಿದ್ದೆನೇನೋ. (ಪರೀಕ್ಷೆಗೆ ಓದುವವರ ಕೆಟ್ಟ ಚಾಳಿ ಅದು.)

ನಮ್ಮೂರವರು ಗುಡಿಗೆ ಹೋಗುವುದು ನೆಂಟರು ಬಂದಾಗ. ಮಾರನೇ ದಿನ ಒಬ್ಬಳೇ ಹೋದೆ. ಗೋಡೆಯ ಮೇಲಿನ ಚಕ್ರವ್ಯೂಹದ ಕೆತ್ತನೆಯನ್ನು ಎಷ್ಟೋ ಸಲ ನೋಡಿದ್ದೆ. ಒಳಹೊಕ್ಕ ಹುಡುಗ ಹೊರಬರುವುದಿಲ್ಲ ಅಂತ ಯಾರಿಗೆ ಗೊತ್ತಿಲ್ಲ? ಆದರೆ ಕಲ್ಲಿನಲ್ಲಿ ಅಭಿಮನ್ಯು ಇನ್ನೂ ಸತ್ತಿಲ್ಲ. ಗೋಡೆಗುಂಟ ನಡೆದರೆ ಬೇರೆ ಕಥೆ, ಬೇರೆ ಯುಗ: ರಾವಣ ಕೈಲಾಸ ಎತ್ತುತ್ತಿದ್ದಾನೆ, ಕೃಷ್ಣ ಗೋವರ್ಧನ ಹಿಡಿದು ನಿಂತಿದ್ದಾನೆ. ಯಾವುದೂ ‘ಆಗಿತ್ತು’ ಅಲ್ಲ, ಎಲ್ಲವೂ ‘ಆಗುತ್ತಿದೆ’. ನಾವು ಯಾವುದರ ಮುಂದೆ ನಿಂತಿದ್ದೇವೋ ಅದೇ ‘ಈಗ’. ನನ್ನ ಕಥೆಯನ್ನು ಮುಂದೆಂದಾದರೂ ಹಿಂತಿರುಗಿ ನೋಡಿದರೆ ಈ ಎರಡು ವರ್ಷದಲ್ಲಿ ನನಗೇನು ಕಾಣುತ್ತದೆ? ಬರೀ ಗೈಡುಗಳೇ?

ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

“ಓದ್ಕೋ ಹೋಗವ್ವ, ನಾನ್ ಸುಲ್ಕೋತೀನಿ” ಅಂದಳು.

ದಿನಾ ಇದೇ ಮಾತು, ದಿನಾ ನಾನು ಒಳಗೆ ಹೋಗುತ್ತಿದ್ದೆ. ಅವತ್ತು ಪಕ್ಕದಲ್ಲಿ ಕೂತೆ. ಅಮ್ಮನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಎಷ್ಟು ದಿನದಿಂದಲೋ.

“ಸೊಗಡೈತಾ ನೋಡು” ಅಂತ ಒಂದು ಕಾಯಿಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

ಇತ್ತು.