ಸಿಪಾಯಿಯ ಅಹವಾಲಿಗೆ ಕಿವಿ ಯಾರದು?

ಶಿಸ್ತೇ ಸೈನ್ಯದ ಜೀವಾಳವೆಂಬುದನ್ನು ಅಲ್ಲಗಳೆಯುವವರಿಲ್ಲ. ಅಪ್ಪಣೆಯಾದೊಡನೆ ಪ್ರಾಣವನ್ನೇ ಪಣವಾಗಿಡಬೇಕಾದವನು ಆ ಅಪ್ಪಣೆಯ ಯುಕ್ತಾಯುಕ್ತತೆಯನ್ನು ಚರ್ಚಿಸುತ್ತ ನಿಲ್ಲಲಾಗದು. ಆದರೆ ಅನ್ನ, ವೇತನ, ಮರ್ಯಾದೆಗಳ ವಿಷಯದಲ್ಲಿಯೂ ಅವನು ಒಬ್ಬಂಟಿಯಾಗಿಯೇ ಮೊರೆಯಿಡಬೇಕೆ, ತನ್ನವರೊಡಗೂಡಿ ಹೇಳಿಕೊಳ್ಳಬಾರದೆ ಎಂಬುದು ಬೇರೆಯೇ ಪ್ರಶ್ನೆ.

1946ನೆಯ ಫೆಬ್ರವರಿ 18ರಂದು ಮುಂಬಯಿಯ ‘ತಲವಾರ್’ ನೌಕಾಶಾಲೆಯ ನಾವಿಕರು ಉಣ್ಣಲೊಲ್ಲೆವೆಂದರು. ಕೆಟ್ಟ ಊಟ, ಮೇಲಧಿಕಾರಿಯ ಹೀನ ಬೈಗುಳ, ಬ್ರಿಟಿಷ್ ನಾವಿಕರಿಗಿಂತ ಕಡಿಮೆ ಸಂಬಳ, ಇವು ಬಹುಕಾಲದಿಂದ ಅವರ ಮನಸ್ಸನ್ನು ಕುದಿಸುತ್ತಿದ್ದುವು. ಮರುದಿನ ಅವರು ಎಂ. ಎಸ್. ಖಾನರನ್ನು ಅಧ್ಯಕ್ಷರನ್ನಾಗಿಯೂ ಮದನಸಿಂಗರನ್ನು ಉಪಾಧ್ಯಕ್ಷರನ್ನಾಗಿಯೂ ಆರಿಸಿ ಮುಷ್ಕರ ಸಮಿತಿಯನ್ನು ಸ್ಥಾಪಿಸಿದರು. ಕಿಡಿಯು ಕರಾಚಿಯವರೆಗೂ ಹಬ್ಬಿ, ಸುಮಾರು 20,000 ನಾವಿಕರು ಕೂಡಿಕೊಂಡರು. ಸರದಾರ ಪಟೇಲರ ಸಲಹೆಯಂತೆ ಅವರು 23ರಂದು ಶರಣಾದ ಮೇಲೆ ಅನೇಕರು ಸೆರೆಯನ್ನೂ ಕೆಲಸದಿಂದ ವಜಾ ಆಗುವುದನ್ನೂ ಅನುಭವಿಸಬೇಕಾಯಿತು.

ಇದರಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ನಾವಿಕರ ಪರವಾಗಿ ಮಾತನಾಡುವ ಸಮಿತಿಯು ಹುಟ್ಟಿದ್ದು ಮುಷ್ಕರಕ್ಕೆ ಮುಂಚೆಯಲ್ಲ, ಅದರ ಮರುದಿನ. ಬಾಯಿಲ್ಲದವರ ಬೇಗುದಿಯು ಬಂಡಾಯವಾಗಿಯೇ ಹೊರಬಿದ್ದಿತು.

ಸ್ವತಂತ್ರ ಭಾರತದ ಸಂವಿಧಾನದ 33ನೆಯ ವಿಧಿಯು ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು ಸಂಸತ್ತಿಗೆ ಅಧಿಕಾರವಿತ್ತಿದೆ. 1950ರ ಸೈನ್ಯ ಕಾಯಿದೆಯ 21ನೆಯ ಕಲಮು ಕಾರ್ಮಿಕ ಸಂಘಗಳನ್ನು ಸೇರುವುದಕ್ಕೆ ಕಡಿವಾಣ ಹಾಕಲು ಕೇಂದ್ರ ಸರಕಾರಕ್ಕೆ ಅವಕಾಶ ಕೊಟ್ಟಿದೆ. ಅನ್ಯಾಯಕ್ಕೊಳಗಾದ ಸೈನಿಕನು ಮೇಲಧಿಕಾರಿಗಳಿಗೆ ದೂರು ಕೊಡಬಹುದು. 2007ರ ಕಾಯಿದೆಯಿಂದ ಏರ್ಪಟ್ಟ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೊರೆಯನ್ನೂ ಹೋಗಬಹುದು. ಇದು ಸ್ತುತ್ಯವೇ ಸರಿ. ಆದರೆ ನ್ಯಾಯಮಂಡಳಿಯು ಆದ ಅನ್ಯಾಯವನ್ನು ವಿಚಾರಿಸಬಲ್ಲುದು. ಆಗಲಿರುವ ನಿಯಮದ ಬಗೆಗೆ ಸಿಪಾಯಿಗಳ ಅಭಿಪ್ರಾಯವನ್ನು ಕೇಳುವುದು ಅದರ ಕೆಲಸವಲ್ಲ.

ಸಂಘವೆಂದರೆ ಮುಷ್ಕರವೇ ಎಂಬ ಅಂಜಿಕೆಯನ್ನು ಅನ್ಯದೇಶಗಳ ಅನುಭವವು ಸಮರ್ಥಿಸುವುದಿಲ್ಲ. ಜರ್ಮನಿಯಲ್ಲಿ 1956ರಿಂದಲೂ ಸೈನಿಕರ ಸಂಘವಿದೆ. ಆದರೂ ಅಲ್ಲಿನ ಸೈನಿಕರಿಗೆ ಮುಷ್ಕರದ ಹಕ್ಕಿಲ್ಲ. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯವು 1999ರಲ್ಲಿ ಸೈನಿಕರು ಸಂಘ ಸೇರಬಾರದೆಂಬ ನಿಷೇಧವನ್ನು ರದ್ದುಗೊಳಿಸಿತು. ಮುಷ್ಕರದ ಹಕ್ಕನ್ನು ಮಾತ್ರ ಅದು ದಯಪಾಲಿಸಲಿಲ್ಲ.

ನಮ್ಮಲ್ಲಿಯೂ ಮುಷ್ಕರದ ನಿಷೇಧವು ನಿಲ್ಲಲಿ. ರಣರಂಗದ ಅಪ್ಪಣೆಯು ಚರ್ಚೆಯ ಹೊರಗಿರಲಿ. ವೇತನ, ವಸತಿ, ಪಿಂಚಣಿಗಳ ನಿರ್ಣಯಕ್ಕೆ ಮುನ್ನ ಸಿಪಾಯಿಗಳೇ ಆರಿಸಿದ ಪ್ರತಿನಿಧಿಗಳ ಮಾತನ್ನು ಕೇಳುವ ಪದ್ಧತಿಯೊಂದನ್ನು ಸರಕಾರವು ಏರ್ಪಡಿಸುವುದು ಯುಕ್ತ. ಬಾಯಿ ಕಟ್ಟಿದವನು ಕಿವಿಗೊಡುವ ಹೊಣೆಯನ್ನೂ ಹೊರಬೇಕು.